ಸುಳ್ಳಿಗೆ 10 ಲಕ್ಷ, ಅವಮಾನಕ್ಕೆ 2,000: ಜಾಹೀರಾತು ಕಾನೂನಿನ ಲೆಕ್ಕಾಚಾರ

ಒಂದು ಅಂಗಡಿ. ಸಾಮಾನು ಕೊಳ್ಳಲು ಬಂದ ಒಬ್ಬಳೇ ಯುವತಿ. ಅವಳ ಹಿಂದೆ ನಾಲ್ವರು ಗಂಡಸರು. ನಾಲ್ವರಿದ್ದೇವೆ, ಇರೋದು ಒಂದೇ, ಯಾರಿಗೆ ಅಂತ ಮಾತಾಡಿಕೊಳ್ಳುತ್ತಾರೆ. ಯುವತಿ ಬೆಚ್ಚಿ ತಿರುಗುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಮಾತು ಕಪಾಟಿನಲ್ಲಿ ಉಳಿದ ಒಂದೇ ಡಿಯೋಡರೆಂಟ್ ಬಾಟಲಿಯ ಬಗ್ಗೆ! 2022ರ ಜೂನ್‌ನಲ್ಲಿ ವಿವಾದವಾದ ‘ಲೇಯರ್ ಶಾಟ್’ ಜಾಹೀರಾತು ಇದು. ಸಾಮೂಹಿಕ ಅತ್ಯಾಚಾರದ ಭಯವೇ ಇಲ್ಲಿ ತಮಾಷೆಯ ಸರಕು.

ಜನರ ಆಕ್ರೋಶ ಕಂಡು ಭಾರತೀಯ ಜಾಹೀರಾತು ಮಾನದಂಡ ಮಂಡಳಿ (ಎಎಸ್‌ಸಿಐ) ಪ್ರಸಾರ ನಿಲ್ಲಿಸಲು ಸೂಚಿಸಿತು. ವಿಡಿಯೋ ತೆಗೆಯುವಂತೆ ಜೂನ್ 4ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟ್ವಿಟರ್ ಹಾಗೂ ಯೂಟ್ಯೂಬ್‌ಗೆ ಹೇಳಿತು. ಕಂಪನಿ ಕ್ಷಮೆ ಕೇಳಿತು. ಆದರೆ ಅಗತ್ಯ ಒಪ್ಪಿಗೆಗಳನ್ನೆಲ್ಲ ಪಡೆದೇ ಪ್ರಸಾರ ಮಾಡಿದ್ದೆವು ಅಂತಲೂ ಹೇಳಿಕೊಂಡಿತು. ಅಂದರೆ ಪ್ರಸಾರಕ್ಕೆ ಮೊದಲು ಇದನ್ನು ನೋಡಿದ ಯಾರಿಗೂ ತಪ್ಪು ಕಂಡಿರಲಿಲ್ಲ!

ಯಾಕೆ ಹೀಗೆ? ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಮಹಿಳೆಯರನ್ನು ಅಸಭ್ಯವಾಗಿ ಚಿತ್ರಿಸುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು 1986ರಲ್ಲಿ. ಮೊದಲ ಸಲ ಅಪರಾಧ ಸಾಬೀತಾದರೆ 2 ವರ್ಷದವರೆಗೆ ಜೈಲು, ದಂಡ ಹೆಚ್ಚೆಂದರೆ 2,000 ರೂಪಾಯಿ. ಇವತ್ತಿನ ಲೆಕ್ಕದಲ್ಲಿ ನೂರು ದಿರ್ಹಮ್ ಕೂಡ ಆಗುವುದಿಲ್ಲ. ಇಂಟರ್ನೆಟ್, ಮೊಬೈಲ್ ಸಂದೇಶಗಳನ್ನೂ ಸೇರಿಸಿ ಶಿಕ್ಷೆ ಹೆಚ್ಚಿಸುವ ತಿದ್ದುಪಡಿ ಮಸೂದೆ 2012ರಲ್ಲಿ ರಾಜ್ಯಸಭೆಗೆ ಬಂತು. ಕಾನೂನಾಗಲೇ ಇಲ್ಲ, ಕೊನೆಗೆ ವಾಪಸ್ ಪಡೆಯಲಾಯಿತು.

ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೋಡಿ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಟಿಸಿದ ಸ್ಟಾರ್‌ಗಳಿಗೂ ಬಿಸಿ ತಟ್ಟುತ್ತದೆ. ಸೋಪಿನ ಬಗ್ಗೆ ಸುಳ್ಳು ಹೇಳಿದರೆ ಲಕ್ಷಗಟ್ಟಲೆ, ಹೆಣ್ಣನ್ನು ಸರಕು ಮಾಡಿದರೆ ಎರಡು ಸಾವಿರ! ಗ್ರಾಹಕನ ಜೇಬಿಗೆ ಸಿಕ್ಕ ರಕ್ಷಣೆ ಹೆಣ್ಣಿನ ಘನತೆಗೆ ಸಿಕ್ಕಿಲ್ಲ. ಎಎಸ್‌ಸಿಐ ಅದೇ ಜೂನ್‌ನಲ್ಲಿ ಲಿಂಗ ತಾರತಮ್ಯದ ಚಿತ್ರಣದ ವಿರುದ್ಧ ಹೊಸ ಮಾರ್ಗಸೂಚಿ ತಂದದ್ದು ನಿಜ. ಆದರೆ ಅದು ಉದ್ಯಮವೇ ಕಟ್ಟಿಕೊಂಡ ಸಂಸ್ಥೆ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

‘ಇಷ್ಟ ಇಲ್ಲದಿದ್ದರೆ ಚಾನೆಲ್ ಬದಲಿಸಿ’ ಅನ್ನುವವರಿದ್ದಾರೆ. ಚಾನೆಲ್ ಬದಲಿಸಬಹುದು, ಬೀದಿ ಬದಲಿಸೋದು ಹೇಗೆ? ಗಂಡ ದುಬೈಯಲ್ಲೋ ದಮ್ಮಾಮ್‌ನಲ್ಲೋ ದುಡಿಯುತ್ತಿದ್ದರೆ ಊರಿನಲ್ಲಿ ಅಂಗಡಿ, ಬ್ಯಾಂಕು, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲಕ್ಕೂ ಹೆಂಡತಿ ಒಬ್ಬಳೇ ಹೋಗಬೇಕು. ಆ ಜಾಹೀರಾತಿನ ಅಂಗಡಿಯಲ್ಲಿ ನಿಂತಿದ್ದವಳೂ ಹಾಗೇ ಒಂಟಿ ಹೆಣ್ಣು. ಟಿವಿಯಲ್ಲಿ ನಗು ತಂದ ಮಾತು ನಾಳೆ ಬಸ್ ಸ್ಟಾಪಿನಲ್ಲಿ ಅವಳ ಬೆನ್ನ ಹಿಂದೆ ಕೇಳಿಬಂದರೆ, ಅದರ ಖರ್ಚು ಕಂಪನಿಯ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ಭರಿಸುವವಳು ಅವಳೇ. ಇತ್ತ ಕ್ಯಾಂಪ್ ರೂಮಿನಲ್ಲಿ ಅಂಥದ್ದೇ ವಿಡಿಯೋ ನೋಡಿ ನಕ್ಕು ಊರಿನ ಗ್ರೂಪಿಗೆ ಫಾರ್ವರ್ಡ್ ಮಾಡಿದವರೂ ಆ ಕಂಪನಿಗೆ ಪುಕ್ಕಟೆ ಪ್ರಚಾರ ಕೊಟ್ಟ ಹಾಗೆ.

2022ರಲ್ಲಿ ಆ ಜಾಹೀರಾತು ನಿಂತದ್ದು ಕಾನೂನಿನ ದಂಡಕ್ಕೆ ಹೆದರಿ ಅಲ್ಲ, ಜನ ದೂರಿದ್ದಕ್ಕೆ. ಎಎಸ್‌ಸಿಐಗೆ ಸಾಮಾನ್ಯ ಗ್ರಾಹಕರೂ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. 1986ರ ದಂಡದ ಮೊತ್ತ ಬದಲಾಗುವವರೆಗೆ ಇಂಥ ಕಂಪನಿಗಳಿಗೆ ನಿಜವಾದ ನಷ್ಟ ಒಂದೇ: ಗಿರಾಕಿ ಆ ಬಾಟಲಿಯನ್ನು ಕಪಾಟಿನಲ್ಲೇ ಬಿಟ್ಟು ಬರುವುದು.