ಪಪ್ಪಾಯಿಯ ಸೊನೆ, ತಲೆಯೊಳಗಿನ ಬಂಡವಾಳ

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪಪ್ಪಾಯಿ ಗಿಡ ಯಾರಿಗೂ ಹೊಸದಲ್ಲ. ಎಳೆಕಾಯಿಗೆ ಗೀರು ಹಾಕಿದರೆ ಬಿಳಿ ಸೊನೆ ಒಸರುತ್ತದೆ. ಗಟ್ಟಿ ಮಾಂಸ ಬೇಗ ಬೇಯಲೆಂದು ಈ ಕಾಯಿಯ ಹೋಳು ಹಾಕುವುದು ಹಿರಿಯರ ಉಪಾಯ. ಸೊನೆಯಲ್ಲಿರುವ ಪಪೇನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ. ಬಿಯರ್ ಮಬ್ಬಾಗದಂತೆ ತಡೆಯಲೂ ಇದನ್ನು ಬಳಸುತ್ತಾರೆ. ಸೊನೆ ಹಿತ್ತಲಲ್ಲೇ ಸಿಗುತ್ತದೆ; ಅದನ್ನು ಶುದ್ಧಗೊಳಿಸಿ, ಪ್ರತಿ ಸಲವೂ ಒಂದೇ ಗುಣವಿರುವಂತೆ ತಯಾರಿಸುವ ವಿದ್ಯೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದ್ದು ಈ ಪಪೇನ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್‌ನಿಂದ. ಕೈಯಲ್ಲಿದ್ದದ್ದು 10,000 ರೂಪಾಯಿ ಮತ್ತು ಬಾಡಿಗೆಯ ಗ್ಯಾರೇಜು. ಜೊತೆಗೆ ಪ್ರಾಣಿಶಾಸ್ತ್ರದ ಪದವಿ, ಆಸ್ಟ್ರೇಲಿಯಾದ ಬ್ಯಾಲರಾಟ್‌ನಲ್ಲಿ ಕಲಿತ ಬಿಯರ್ ತಯಾರಿಕೆಯ ವಿದ್ಯೆ. ಹೆಣ್ಣೆಂಬ ಕಾರಣಕ್ಕೆ ಆ ಉದ್ಯಮದಲ್ಲಿ ಅವರಿಗೆ ತಕ್ಕ ಕೆಲಸ ಸಿಗಲಿಲ್ಲ. ಸಾಲ ಕೊಡಲು ಬ್ಯಾಂಕುಗಳೂ ಹಿಂದೇಟು ಹಾಕಿದವು. ಹೊಲ, ಮನೆ, ಬಂಗಾರವನ್ನು ಅಡವಿಡಬಹುದು. ಹುದುಗುವಿಕೆಯ ಜ್ಞಾನವನ್ನು ಅಡವಿಡುವುದು ಹೇಗೆ?

ಆದರೆ ಕಂಪನಿ ಬೆಳೆದದ್ದು ಆ ಜ್ಞಾನದ ಮೇಲೆಯೇ. ಕಿಣ್ವಗಳಿಂದ ಅದು ಔಷಧಗಳತ್ತ ಹೊರಳಿತು. ಒಂದು ಕಾಲಕ್ಕೆ ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ನನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಒಪ್ಪಿಗೆ ಸಿಕ್ಕಿತು. ಬಯೋಕಾನ್ ಪಿಕಿಯಾ ಎಂಬ ಯೀಸ್ಟನ್ನು ಆರಿಸಿಕೊಂಡಿತು. ಇನ್ಸುಲಿನ್ನಿನ ಜೀನನ್ನು ಇದರೊಳಗೆ ಸೇರಿಸಿ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಉಷ್ಣತೆ, ಆಮ್ಲಜನಕ, ಆಮ್ಲೀಯತೆ, ಯಾವುದು ಹದ ತಪ್ಪಿದರೂ ಇಳುವರಿ ಕೆಡುತ್ತದೆ. ಈ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಷೇರುಪೇಟೆ ಪ್ರವೇಶಿಸಿದ ಮೊದಲ ದಿನವೇ ಕಂಪನಿಯ ಮೌಲ್ಯ 100 ಕೋಟಿ ಡಾಲರ್ ದಾಟಿತು.

ಪೇಟೆಂಟ್ ಒಂದಿದ್ದರೆ ಸಾಕು ಎಂದು ಹಲವರು ತಿಳಿದಿರುವುದುಂಟು. ಭಾರತದಲ್ಲಿ ಪೇಟೆಂಟಿನ ಅವಧಿ 20 ವರ್ಷ. ಆಮೇಲೆ ಅದು ಎಲ್ಲರ ಸ್ವತ್ತು. ಪ್ಯಾರಸಿಟಮಾಲ್‌ನಂಥ ಚಿಕ್ಕ ಅಣುವನ್ನು ಆಗ ಯಾರು ಬೇಕಾದರೂ ತಯಾರಿಸಬಲ್ಲರು. ಇನ್ಸುಲಿನ್ನಿನಂಥ ದೊಡ್ಡ ಅಣುವಿನ ಮಾತೇ ಬೇರೆ. ಸವಣೂರಿನ ಎಲೆಬಳ್ಳಿ ತೋಟವನ್ನೇ ನೋಡಿ. ಬೇಸಾಯದ ಪುಸ್ತಕ ಅಂಗಡಿಯಲ್ಲಿ ಸಿಕ್ಕೀತು. ಬಳ್ಳಿ ಯಾವಾಗ ಇಳಿಸಬೇಕು, ನೀರು ಎಷ್ಟು ಬೇಕು ಎಂಬುದು ವರ್ಷಗಟ್ಟಲೆ ತೋಟದಲ್ಲಿ ದುಡಿದವರ ಕೈಗೇ ಗೊತ್ತು. ಔಷಧ ಕಂಪನಿಯ ನಿಜವಾದ ಬಂಡವಾಳವೂ ಇಂಥದ್ದೇ. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮೂಲ ಇನ್ಸುಲಿನ್ನಿನ ಬದಲಿಗೆ ಔಷಧಿ ಅಂಗಡಿಯಲ್ಲೇ ಕೊಡಬಹುದಾದ ಮೊದಲ ಸಮರೂಪಿ ಇನ್ಸುಲಿನ್ನಿಗೆ ಒಪ್ಪಿಗೆ ಕೊಟ್ಟಿತು. ಅದನ್ನು ಅಭಿವೃದ್ಧಿಪಡಿಸಿದ್ದರಲ್ಲಿ ಬಯೋಕಾನಿನ ಪಾಲಿದೆ.

ಈ ಬಂಡವಾಳಕ್ಕೆ ಒಂದು ತೊಡಕುಂಟು: ಸಂಜೆ ಅದು ನೌಕರರ ಜೊತೆ ಮನೆಗೆ ಹೋಗುತ್ತದೆ. ನುರಿತವನು ಬಿಟ್ಟುಹೋದರೆ ವಿದ್ಯೆಯೂ ಹೋಯಿತು. ಆದ್ದರಿಂದ ಇಂಥ ಕಂಪನಿಗಳಲ್ಲಿ ಪ್ರತಿ ಅಳತೆಯನ್ನೂ, ಪ್ರತಿ ತಪ್ಪನ್ನೂ ಅಂದಂದೇ ಬರೆದಿಡುತ್ತಾರೆ. ನಮ್ಮ ಮಕ್ಕಳೋ ಹಿಂದಿನ ವರ್ಷದವರ ಪ್ರಾಕ್ಟಿಕಲ್ ರೆಕಾರ್ಡ್ ತಂದು ಅಂಕಿಗಳನ್ನು ಹಾಗೆಯೇ ಇಳಿಸಿಕೊಳ್ಳುತ್ತಾರೆ. ಪಾಲಕರೂ ಅದನ್ನು ಜಾಣತನವೆಂದೇ ಎಣಿಸುತ್ತಾರೆ!

ಪಿಯುಸಿ ಮುಗಿಸಿ ಮೆಡಿಕಲ್ ಸೀಟು ಸಿಗದೆ, ‘ಬರೀ ಬಿಎಸ್ಸಿ’ ಎಂಬ ಮಾತು ಕೇಳಬೇಕಾದ ಮಕ್ಕಳು ಶಿಗ್ಗಾವಿಯಲ್ಲೂ ಇದ್ದಾರೆ, ಹಾನಗಲ್ಲಿನಲ್ಲೂ ಇದ್ದಾರೆ. ಆ ಯೀಸ್ಟಿನ ತೊಟ್ಟಿಗಳಿಗೆ ಬೇಕಾಗಿರುವುದು ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದವರು. ಈ ವಿಷಯಗಳ ಎಂಎಸ್ಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇದೆ.