ನೈಟ್ ಡ್ಯೂಟಿ ಸೊಸೆಗೆ ಹಗಲು ನಿದ್ದೆ ಬೇಡವೇ?

ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡಿ ಬೆಳಿಗ್ಗೆ ಮನೆಗೆ ಬಂದ ಡಾಕ್ಟರ್ ಮಗನಿಗೆ ‘ಪಾಪ, ಮಲಕ್ಕೋ ಹೋಗಪ್ಪಾ’ ಅಂತೀವಿ. ಅದೇ ಡ್ಯೂಟಿ ಮುಗಿಸಿ ಬಂದ ಡಾಕ್ಟರ್ ಸೊಸೆಗೆ? ‘ತಿಂಡಿಗೆ ಏನು ಮಾಡೋಣಮ್ಮಾ?’ ಎನ್ನುವ ಮನೆಗಳು ಇಂದಿಗೂ ಇವೆ.

ಹಗಲು ನಿದ್ದೆ ಹತ್ತದೆ ಮೆಲಟೋನಿನ್ ಮಾತ್ರೆಗೆ ಮೊರೆಹೋಗುವವರಲ್ಲಿ ವೈದ್ಯರೂ ಇದ್ದಾರೆ. ‘ಅದು ದೇಹದಲ್ಲೇ ಇರೋ ಹಾರ್ಮೋನು, ಏನೂ ಆಗಲ್ಲ’ ಎಂಬ ಸಮಾಧಾನ ಬೇರೆ! ಹಾರ್ಮೋನು ಎನ್ನುವುದು ನಿಜ. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಇದನ್ನು ಸ್ರವಿಸಿ, ‘ರಾತ್ರಿಯಾಯಿತು’ ಎಂದು ದೇಹಕ್ಕೆ ತಿಳಿಸುತ್ತದೆ. ಬೆಳಕು ಬಿದ್ದರೆ ಸ್ರಾವ ತಗ್ಗುತ್ತದೆ. ರಾತ್ರಿ ಪಾಳಿಯವರಿಗೆ ಎಲ್ಲವೂ ಉಲ್ಟಾ. ಇರುಳೆಲ್ಲಾ ಟ್ಯೂಬ್‌ಲೈಟು, ಮನೆಗೆ ಬರುವಾಗ ಬಿಸಿಲು. ದಿಂಬಿಗೆ ತಲೆಯಿಟ್ಟರೆ ದೇಹ ‘ಬೆಳಗಾಯ್ತು, ಏಳು’ ಅನ್ನುತ್ತಿರುತ್ತದೆ.

ಮಾತ್ರೆಯಿಂದ ಎಷ್ಟು ಲಾಭ?

ಪಾಳಿ ಕೆಲಸದವರ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿದ ಕಾಕ್ರೇನ್ ವಿಮರ್ಶೆ 2014ರಲ್ಲಿ ಬಂತು. ಮೆಲಟೋನಿನ್ ತೆಗೆದುಕೊಂಡವರ ಹಗಲು ನಿದ್ದೆ ಸರಾಸರಿ 24 ನಿಮಿಷ ಹೆಚ್ಚಿತ್ತು, ಅಷ್ಟೆ. ಆ ಪುರಾವೆಯೂ ಅಷ್ಟು ಗಟ್ಟಿಯದಲ್ಲ. ಹೆಚ್ಚು ಮಿಲಿಗ್ರಾಂ ನುಂಗಿದರೆ ಹೆಚ್ಚು ನಿದ್ದೆ ಎಂಬುದೂ ಕಾಣಲಿಲ್ಲ. 24 ನಿಮಿಷ ಕಡಿಮೆಯೇನಲ್ಲ, ಒಪ್ಪೋಣ. ಆದರೆ ಅಷ್ಟು ನಿದ್ದೆ ಕೆಡಿಸಲು ಒಂದು ಕಾಲಿಂಗ್ ಬೆಲ್ ಸಾಕಲ್ಲವೇ?

ಮಾತ್ರೆ ಬೇಕೇ ಬೇಕು ಎನಿಸಿದರೆ ಇನ್ನೊಬ್ಬ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ‘ನಾನೇ ಡಾಕ್ಟರು’ ಎಂದು ತನಗೆ ತಾನೇ ಬರೆದುಕೊಳ್ಳುವುದು ಬೇಡ. ಗರ್ಭಿಣಿಯರು, ಎದೆಹಾಲುಣಿಸುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗಂತೂ ಈ ಎಚ್ಚರ ಬೇಕೇ ಬೇಕು. ಮಾತ್ರೆ ನುಂಗಿ ಗಾಡಿ ಓಡಿಸಲೇಬಾರದು. ಮನೆ ಸೇರಿದ ಮೇಲೆ, ಮಲಗುವ ಮುನ್ನವೇ ಅದರ ಸಮಯ.

ನಾವು ಮಾಡಬಹುದಾದ್ದು

* ಮಲಗುವ ಕೋಣೆಗೆ ದಪ್ಪ, ಗಾಢ ಬಣ್ಣದ ಪರದೆ ಹಾಕಿ.
* ಬಂದ ತಕ್ಷಣ ಫಿಲ್ಟರ್ ಕಾಫಿ ಕೊಡುವುದು ಪ್ರೀತಿಯೇ. ಆದರೆ ಕೆಫೀನ್ ಗಂಟೆಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಬದಲಿಗೆ ಹಗುರವಾದ ತಿಂಡಿ, ಒಂದು ಲೋಟ ಹಾಲು ಕೊಡಿ.
* ಮಿಕ್ಸಿ, ಟೀವಿ, ಕೆಲಸದವಳ ಪಾತ್ರೆ ಸದ್ದು ಅವರು ಎದ್ದ ಮೇಲಿರಲಿ.
* ಮೊಬೈಲ್ ಕೋಣೆಯ ಹೊರಗಿರಲಿ. ಆಸ್ಪತ್ರೆಯಿಂದ ತುರ್ತು ಕರೆ ಬಂದರೆ ನೀವೇ ಎಬ್ಬಿಸಿ.
* ಮಕ್ಕಳ ಸ್ಕೂಲ್ ಬಸ್ಸು, ಡಬ್ಬಿಯ ಜವಾಬ್ದಾರಿ ಆ ದಿನ ಗಂಡನದ್ದಾಗಲಿ.

ತಪ್ಪೆಲ್ಲಾ ಮನೆಯದೇ ಅಂತ ಖಂಡಿತ ಅಲ್ಲ. ಕಲಿಯುತ್ತಿರುವ ಕಿರಿಯ ವೈದ್ಯರಿಗೆ ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಬೇಡ, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಸಿಗಲಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿತು. 74 ಗಂಟೆಯನ್ನೇ ಮಿತಿ ಅನ್ನಬೇಕಾಗಿದೆ ಎಂದರೆ ಅವರ ಪಾಡು ಊಹಿಸಿ! ಆಸ್ಪತ್ರೆಯ ಡ್ಯೂಟಿ ಪಟ್ಟಿ ತಿದ್ದುವುದು ನಮ್ಮ ಕೈಲಿಲ್ಲ. ಮನೆಯ ಪಟ್ಟಿ ತಿದ್ದಬಹುದಲ್ಲ?

ನಿದ್ದೆಗೆಟ್ಟ ಡಾಕ್ಟರ ಕೈಗೆ ಮತ್ತೆ ರಾತ್ರಿ ಸಿಗುವವರು ಯಾರದೋ ಮನೆಯ ಮಗು, ಯಾರದೋ ಅಮ್ಮ. ನಾಳೆ ಬೆಳಿಗ್ಗೆ ಸೊಸೆ ಬಂದಾಗ ‘ಅಡುಗೆ ನಾವು ನೋಡ್ಕೋತೀವಿ, ನೀನು ಮಲಗಮ್ಮಾ’ ಅನ್ನಿ.