ಅರಮನೆಯ ಗೋಡೆಯೊಂದೇ ಪರಂಪರೆಯೇ?

ಗ್ರಾಂಟ್ ರೋಡಿನಲ್ಲಿ ದುಡಿಯುವ ನಮ್ಮ ಹೋಟೆಲ್ ಬಂಧುಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಒಬ್ಬ ಗವರ್ನರನ ಹೆಸರು ಬರುತ್ತದೆ. 1835ರಿಂದ 1838ರವರೆಗೆ ಮುಂಬಯಿಯನ್ನಾಳಿದ ರಾಬರ್ಟ್ ಗ್ರಾಂಟನದು ಅದು. ರಸ್ತೆಗೆ ಈಗ ಮೌಲಾನಾ ಶೌಕತ್ ಅಲಿಯವರ ಹೆಸರಿದೆ. ಸ್ಟೇಶನ್ನಿಗೆ ಮಾತ್ರ ಇಂದಿಗೂ ಗ್ರಾಂಟನದೇ. ಆ ರಸ್ತೆಗೆ ಕಲ್ಲು ಒಡೆದವರ, ಮಣ್ಣು ಹೊತ್ತವರ ಹೆಸರು ಯಾವ ಫಲಕದಲ್ಲೂ ಇಲ್ಲ. ಆಳಿದವನ ಹೆಸರು ಉಳಿಯಬೇಕು, ದುಡಿದವನದು ಅಳಿಯಬೇಕು ಎಂಬ ಈ ಲೆಕ್ಕ ನಮ್ಮ ನಾಡಿನ ಊರುಗಳಲ್ಲೂ ನಡೆದು ಬಂದಿದೆ. ಅದನ್ನೇ ಇಲ್ಲಿ ಪ್ರಶ್ನಿಸಬೇಕೆಂದಿದ್ದೇವೆ.

ಜಮಖಂಡಿಯನ್ನೇ ನೋಡಿ. ಪಟವರ್ಧನರ ಸಂಸ್ಥಾನದ ರಾಜಧಾನಿ. 1948ರ ಮಾರ್ಚ್ 8ರಂದು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಿಂದ ಕನ್ನಡಿಗರ ರಾಜ್ಯದಲ್ಲಿದೆ. ಇಂಥ ಊರುಗಳ ಮಾತೆತ್ತಿದರೆ ಸಾಕು, ನಮ್ಮವರಲ್ಲೇ ಕೆಲವರು ನಿಟ್ಟುಸಿರು ಬಿಡುತ್ತಾರೆ: “ರಾಜರ ಕಾಲದ ವೈಭವ ಈಗೆಲ್ಲಿ? ಅರಮನೆಗೆ ಸುಣ್ಣಬಣ್ಣವಾಗಲಿ, ಹೆಬ್ಬಾಗಿಲಿಗೆ ದೀಪ ಹಾಕಲಿ, ಪ್ರವಾಸಿಗರು ಬರಲಿ, ಊರು ಉದ್ಧಾರವಾದೀತು.”

ರಾಮತೀರ್ಥದ ಅರಮನೆಯನ್ನು ಕೆಡವಬೇಕೆಂದು ನಾವು ಹೇಳುವವರಲ್ಲ. ಕಟ್ಟಿದ ಗಾರೆಯವರ, ಕಲ್ಲುಕುಟಿಗರ ಬೆವರು ಅದರಲ್ಲಿದೆ, ಉಳಿಯಲಿ. ಆದರೆ ಅದೊಂದೇ ಪರಂಪರೆ ಎಂಬುದನ್ನು ಒಪ್ಪೆವು. ಪುಣೆಯಲ್ಲಿ 1916ರಲ್ಲಿ ಆರಂಭವಾದ ನ್ಯೂ ಪೂನಾ ಕಾಲೇಜಿಗೆ ಜಮಖಂಡಿಯ ರಾಜರು ಎರಡು ಲಕ್ಷ ರೂಪಾಯಿ ಕೊಟ್ಟರು; ಅವರ ತಂದೆಯ ಹೆಸರಿನಲ್ಲಿ ಅದು ಸರ್ ಪರಶುರಾಮಭಾವೂ ಕಾಲೇಜ್ ಆಯಿತು. ವಿದ್ಯಾದಾನ ದೊಡ್ಡದು, ಅಲ್ಲವೆನ್ನುವುದಿಲ್ಲ. ಆದರೆ ಆ ಎರಡು ಲಕ್ಷ ಯಾರ ಗಂಟು? ಕೃಷ್ಣಾ ತೀರದ ಕರಿಯ ಮಣ್ಣಿನಲ್ಲಿ ಜೋಳ ಬೆಳೆದು ಕಂದಾಯ ಕಟ್ಟಿದ ಕನ್ನಡ ರೈತನದು. ಕೊಟ್ಟವರ ಹೆಸರು ಕಾಲೇಜಿಗೆ ಬಂತು. ಕಟ್ಟಿದವನ ಹೆಸರು ಎಲ್ಲಿಗೂ ಬರಲಿಲ್ಲ.

ಹಾಗಾದರೆ ಜಮಖಂಡಿಯ ನಿಜವಾದ ಆಸ್ತಿ ಯಾವುದು? ಊರಿನ ಸಮೀಪ ಚಿಕ್ಕಪಡಸಲಗಿಗೆ ಹೋಗಿ ಕೃಷ್ಣೆಯನ್ನು ನೋಡಿ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಎತ್ತಿ, ಮೈಮುರಿದು ದುಡಿದು 1989ರಲ್ಲಿ ಅಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಯಾವ ದೊರೆಯ ಹೆಸರನ್ನೂ ಇಡಲಿಲ್ಲ. ಬೆವರಿನ ಹನಿಯ ಹೆಸರಿಟ್ಟರು: ಶ್ರಮಬಿಂದು ಸಾಗರ. ಅರಮನೆ ನೋಡಲು ಚಂದ. ಬ್ಯಾರೇಜು ಹೊಲಕ್ಕೆ ನೀರು. ಯಾವುದು ಹೆಚ್ಚೆಂದು ಹಸಿದವನನ್ನು ಕೇಳಿ.

ಅದೇ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಸಂಸ್ಥಾನದ ದಿವಾನರಾಗಿ ವಿಲೀನಕ್ಕೆ ದುಡಿದರು. ಮುಂದೆ ಗೇಣಿ ಕಾನೂನಿನ ಸಮಿತಿಗೆ ಅಧ್ಯಕ್ಷರಾದರು. ಅವರು ಮೈಸೂರಿನ ಮುಖ್ಯಮಂತ್ರಿಯಾಗಿದ್ದಾಗಲೇ 1961ರ ಭೂಸುಧಾರಣಾ ಕಾಯ್ದೆಯೂ ರೂಪುಗೊಂಡಿತು. ದರಬಾರಿನ ಪೇಟಕ್ಕಿಂತ ಈ ಕಾಗದ ದೊಡ್ಡದು.

“ಇದು ಘಟ್ಟದ ಮೇಲಿನವರ ಮಾತು, ನಮಗೇನು?” ಎಂದು ದಕ್ಷಿಣ ಕನ್ನಡದ ಬಂಧುಗಳು ಕೇಳಬಾರದು. ಮೂಡಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ಹೊಗಳುವವರು ಚಾಲಗೇಣಿಯ ಕಥೆ ಹೇಳುವುದಿಲ್ಲ. ಬೆಳೆದ ಅಕ್ಕಿಯನ್ನು ಧಣಿಯ ಅಂಗಳಕ್ಕೆ ಅಳೆದು ಕೊಟ್ಟು, ಗಂಜಿಗೂ ಸಾಲದಾದಾಗ ಮಗನನ್ನು ಮುಂಬಯಿಯ ಹೋಟೆಲಿಗೆ ಕಳಿಸಿದ ಮನೆಗಳೆಷ್ಟು! 1974ರ ತಿದ್ದುಪಡಿ ಬರುವವರೆಗೂ ಉಳುವವನಿಗೆ ಹೊಲ ಸಿಗಲಿಲ್ಲ.

ಗಿರಣಿಯ ಹಿರಿಯರಿಗೆ ಈ ಪಾಠವನ್ನು ನಾವು ಹೇಳಿಕೊಡಬೇಕಿಲ್ಲ. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಅದಾದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಮಾಲ್ ಆಯಿತು. ಚಿಮಣಿಯನ್ನು ನೆನಪಿಗೆಂದು ಉಳಿಸುತ್ತಾರೆ. ಅದರ ಕೆಳಗೆ ದುಡಿದವರನ್ನು ಮರೆಯುತ್ತಾರೆ. ದುಡಿಮೆ ಸತ್ತ ಮೇಲೆ ಗೋಡೆಗೆ ಬಣ್ಣ ಬಳಿದರೆ ಅದು ಪರಂಪರೆಯಲ್ಲ, ಗೋರಿಯ ಶೃಂಗಾರ.

ಜಮಖಂಡಿಗೆ ಆ ಗತಿ ಬಾರದಿರಲಿ. ನೆರೆಯ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು ಇನ್ನೂ ಸದ್ದು ಮಾಡುತ್ತಿವೆ. ಆದರೆ ನೂಲು ಮಾಲೀಕನದು, ಸೀರೆ ಮಾಲೀಕನದು. ಸೀರೆಯ ಲೆಕ್ಕದ ಕೂಲಿಯಷ್ಟೇ ನೇಕಾರನದು. ಸುತ್ತ ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತ ರಸ್ತೆಗಿಳಿಯುವುದು ಮಾತ್ರ ನಿಂತಿಲ್ಲ. ಬಾಗಲಕೋಟೆ-ಕುಡಚಿ ರೈಲು ಮಾರ್ಗ ಮಂಜೂರಾದದ್ದು 2010ರಲ್ಲಿ. ಮಂಜೂರಾತಿಯ ಕಾಗದ ಓಡಾಡಿದಷ್ಟು ವೇಗದಲ್ಲಿ ಹಳಿ ಮುಂದೆ ಸಾಗಿಲ್ಲ. ಇವೆಲ್ಲ ಹೀಗಿರುವಾಗ ಹೆಬ್ಬಾಗಿಲಿಗೆ ದೀಪವೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ!

ಆದುದರಿಂದ ಬಂಧುಗಳೇ, ಊರಿನ ಹೆಸರಿನಲ್ಲಿ ವಂತಿಗೆ ಕೇಳಲು ಯಾರಾದರೂ ಬಂದರೆ ಮೊದಲು ಮೂರು ಪ್ರಶ್ನೆ ಕೇಳಿ: ನೇಕಾರನ ಕೂಲಿ ಏರಿತೇ? ಕಬ್ಬಿನ ಬಾಕಿ ಸಂದಿತೇ? ನಮ್ಮ ಮಕ್ಕಳು ಊರಿನಲ್ಲೇ ದುಡಿದು ಉಣ್ಣುವ ದಾರಿಯಾಯಿತೇ? ಹೌದೆಂದರೆ ಅರಮನೆಗೂ ಒಂದು ಪಾಲು ಕೊಡೋಣ. ಇಲ್ಲವೆಂದರೆ ತಟ್ಟೆ ತೊಳೆದು, ಮಗ್ಗ ತಿರುಗಿಸಿ ಗಳಿಸಿದ ಕಾಸು ಮಗ್ಗದವನಿಗೆ, ಬಡ ವಿದ್ಯಾರ್ಥಿಗೆ ಸಲ್ಲಲಿ. ರಾಜರ ಕಾಲ 1948ಕ್ಕೆ ಮುಗಿಯಿತು. ದುಡಿಯುವವರ ಕಾಲವನ್ನು ಯಾರೂ ತಂದುಕೊಡುವುದಿಲ್ಲ. ಶ್ರಮಬಿಂದು ಸಾಗರವನ್ನು ಕಟ್ಟಿದಂತೆ ನಾವೇ ಕಟ್ಟಬೇಕು.